ಎಸೆತ ಮಿತಿ

ಎಸೆತ ಮಿತಿ ಎಂದರೆ ಸಾಫ್ಟ್‌ಬಾಲ್, ಬೇಸ್‌ಬಾಲ್, ಕ್ರಿಕೆಟ್ ಮೊದಲಾದ ಚೆಂಡಾಟಗಳಲ್ಲಿ ಒಬ್ಬನೇ ಆಟಗಾರ ಒಂದು ಪಂದ್ಯದಲ್ಲಿ, ಒಂದು ದಿನದಲ್ಲಿ ಅಥವಾ ನಿಗದಿತ ಅವಧಿಯಲ್ಲಿ ಎಸೆಯಬಹುದಾದ ಚೆಂಡುಗಳ ಸಂಖ್ಯೆಗೆ ಹಾಕುವ ಕಟ್ಟಳೆ. ಸಾಫ್ಟ್‌ಬಾಲ್ ಮತ್ತು ಬೇಸ್‌ಬಾಲ್‌ಗಳಲ್ಲಿ ಚೆಂಡೆಸೆಯುವವರನ್ನು ಪಿಚರ್ ಎಂದೂ ಕ್ರಿಕೆಟ್‌ನಲ್ಲಿ ಬೌಲರ್ ಎಂದೂ ಕರೆಯಲಾಗುತ್ತದೆ. ಮಿತಿಯನ್ನು ಎಸೆತಗಳ ಸಂಖ್ಯೆಯಲ್ಲಿ, ಓವರ್‌ಗಳಲ್ಲಿ, ಇನಿಂಗ್ಸ್‌ಗಳಲ್ಲಿ ಅಥವಾ ಕಡ್ಡಾಯ ವಿಶ್ರಾಂತಿಯ ದಿನಗಳಲ್ಲಿ ಅಳೆಯುತ್ತಾರೆ.

ಬಾಲಕರ ಬೇಸ್‌ಬಾಲ್‌ನಲ್ಲಿ ಈ ಮಿತಿ ವ್ಯಾಪಕವಾಗಿ ಜಾರಿಯಲ್ಲಿದೆ. ಸಾಫ್ಟ್‌ಬಾಲ್‌ನಲ್ಲಿ ಎಸೆತಗಳ ಲೆಕ್ಕದ ಮಿತಿ ವಿರಳವಾಗಿದ್ದು, ಅದು ಬೇಕೆ ಬೇಡವೆ ಎಂಬುದು ಇನ್ನೂ ಚರ್ಚೆಯ ವಿಷಯವಾಗಿದೆ. ಕರ್ನಾಟಕದಲ್ಲಿ ಈ ಪ್ರಶ್ನೆ ಮುಖ್ಯವಾಗಿ ಕ್ರಿಕೆಟ್ ಬೌಲರ್‌ಗಳ ಸಂಬಂಧದಲ್ಲಿ ಎದ್ದುಬರುತ್ತದೆ. ಶಾಲಾ ಕ್ರೀಡಾಕೂಟಗಳಲ್ಲಿಯೂ ಗ್ರಾಮೀಣ ಪಂದ್ಯಾವಳಿಗಳಲ್ಲಿಯೂ ತಂಡದ ಭಾರವೆಲ್ಲ ಒಬ್ಬ ಒಳ್ಳೆಯ ಬೌಲರ್‌ನ ಮೇಲೆ ಬೀಳುವುದರಿಂದ, ಬೆಳೆಯುವ ವಯಸ್ಸಿನ ಆಟಗಾರರ ಬೆನ್ನು ಮತ್ತು ಭುಜಗಳ ರಕ್ಷಣೆಗೆ ಈ ವಿಷಯ ನೇರವಾಗಿ ಸಂಬಂಧಿಸಿದೆ.

## ಮಿತಿಯ ಎರಡು ಬಗೆ

ಎಸೆತಕ್ಕೆ ಹಾಕುವ ಮಿತಿಗಳಲ್ಲಿ ಉದ್ದೇಶದ ದೃಷ್ಟಿಯಿಂದ ಎರಡು ಬಗೆಗಳಿವೆ.

ಮೊದಲನೆಯದು ಆಟದ ಸಮತೋಲನಕ್ಕಾಗಿ ಇರುವ ಮಿತಿ. ಏಕದಿನ ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್ 50 ಓವರ್‌ಗಳ ಪೈಕಿ 10ನ್ನು ಮಾತ್ರ, ಟಿ20 ಪಂದ್ಯದಲ್ಲಿ 20ರ ಪೈಕಿ 4ನ್ನು ಮಾತ್ರ ಎಸೆಯಬಹುದು. ಎರಡರಲ್ಲಿಯೂ ಪಾಲು ಐದರಲ್ಲಿ ಒಂದು. 1975, 1979 ಮತ್ತು 1983ರ ವಿಶ್ವಕಪ್‌ಗಳಲ್ಲಿ ಇನಿಂಗ್ಸ್ 60 ಓವರ್‌ಗಳದ್ದಾಗಿದ್ದು, ಒಬ್ಬರ ಮಿತಿ 12 ಓವರ್ ಆಗಿತ್ತು. ತಂಡವು ಕನಿಷ್ಠ ಐವರು ಬೌಲರ್‌ಗಳನ್ನು ಬಳಸಲಿ, ಒಬ್ಬರೇ ಪಂದ್ಯವನ್ನು ನಿರ್ಣಯಿಸದಿರಲಿ ಎಂಬುದು ಇದರ ಆಶಯ. ಬೌಲರ್‌ನ ಆರೋಗ್ಯ ಇದರ ಮೂಲ ಗುರಿಯಲ್ಲ.

ಎರಡನೆಯದು ಆರೋಗ್ಯಕ್ಕಾಗಿ ಇರುವ ಮಿತಿ. ಇದರಲ್ಲಿ ವಯಸ್ಸು, ದಿನದ ಒಟ್ಟು ಎಸೆತ, ಹಿಂದಿನ ದಿನಗಳ ಎಸೆತ ಮತ್ತು ನಡುವಿನ ವಿಶ್ರಾಂತಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಬಾಲಕರ ಬೇಸ್‌ಬಾಲ್‌ನ ಎಸೆತ ಎಣಿಕೆಯೂ ಇಂಗ್ಲೆಂಡಿನ ಕಿರಿಯ ವೇಗದ ಬೌಲರ್‌ಗಳ ನಿರ್ದೇಶನವೂ ಈ ಬಗೆಗೆ ಸೇರುತ್ತವೆ.

ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಗೊಂದಲ ಉಂಟಾಗುತ್ತದೆ. 4 ಓವರ್‌ಗಳ ಮಿತಿಯುಳ್ಳ ಪಂದ್ಯವನ್ನು ಒಂದೇ ದಿನ ಮೂರು ಬಾರಿ ಆಡಿದ ಬಾಲಕ 12 ಓವರ್ ಎಸೆದಿರುತ್ತಾನೆ. ಪ್ರತಿ ಪಂದ್ಯದಲ್ಲಿಯೂ ನಿಯಮ ಪಾಲನೆಯಾಗಿದ್ದರೂ ಅವನ ಬೆನ್ನಿಗೆ ರಕ್ಷಣೆ ದೊರೆತಿರುವುದಿಲ್ಲ.

## ದೇಹದ ಮೇಲಿನ ಪರಿಣಾಮ

ವೇಗದ ಬೌಲರ್‌ನ ಮುಂಗಾಲು ನೆಲವನ್ನು ತಾಗುವ ಕ್ಷಣದಲ್ಲಿ ದೇಹತೂಕದ ಹಲವು ಪಟ್ಟು ಬಲ ಕಾಲಿನ ಮೂಲಕ ಸೊಂಟಕ್ಕೆ ಏರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಬಾಗುತ್ತದೆ, ತಿರುಚುತ್ತದೆ. ಇದು ಸಾವಿರಾರು ಬಾರಿ ಮರುಕಳಿಸಿದಾಗ ಬೆನ್ನುಮೂಳೆಯ ಕೆಳಭಾಗದ ಕಶೇರುಗಳಲ್ಲಿ ಸೂಕ್ಷ್ಮ ಬಿರುಕು ಮೂಡಬಹುದು. ಇದನ್ನು ಒತ್ತಡದ ಬಿರುಕು ಎನ್ನುತ್ತಾರೆ. ಬೆನ್ನುಮೂಳೆ ಪೂರ್ಣವಾಗಿ ಗಟ್ಟಿಯಾಗುವುದು ಇಪ್ಪತ್ತರ ಹರೆಯದಲ್ಲಿ. ಆದ್ದರಿಂದ ಹದಿಹರೆಯದ ವೇಗಿಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ. ಮೊದಮೊದಲು ಸಾಮಾನ್ಯ ಸೊಂಟನೋವಿನಂತೆ ತೋರುವುದರಿಂದ ಇದನ್ನು ಕಡೆಗಣಿಸುವ ಸಾಧ್ಯತೆಯೂ ಹೆಚ್ಚು.

ಬೇಸ್‌ಬಾಲ್ ಪಿಚರ್ ತೋಳನ್ನು ಭುಜದ ಮೇಲಿನಿಂದ ಬೀಸಿ ಎಸೆಯುತ್ತಾನೆ. ಇದರ ಒತ್ತಡ ಮೊಣಕೈಯ ಒಳಭಾಗದ ಅಸ್ಥಿರಜ್ಜು ಹಾಗೂ ಭುಜದ ಮೇಲೆ ಬೀಳುತ್ತದೆ. ಸಾಫ್ಟ್‌ಬಾಲ್ ಪಿಚರ್ ತೋಳನ್ನು ಗಾಳಿಯಂತ್ರದ ರೆಕ್ಕೆಯಂತೆ ಪೂರ್ಣ ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡನ್ನು ಬಿಡುತ್ತಾಳೆ. ಈ ಕ್ರಮ ದೇಹಕ್ಕೆ ಸಹಜವಾದುದು, ಆದ್ದರಿಂದ ಎಷ್ಟು ಎಸೆದರೂ ಹಾನಿಯಿಲ್ಲ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. 1990ರ ದಶಕದಿಂದ ನಡೆದ ಚಲನ ವಿಜ್ಞಾನದ ಅಧ್ಯಯನಗಳು ಈ ನಂಬಿಕೆಯನ್ನು ಸಡಿಲಿಸಿವೆ. ಕೆಳಗಿನಿಂದ ಎಸೆಯುವಾಗಲೂ ಭುಜವನ್ನು ಹೊರಗೆಳೆಯುವ ಬಲ ಗಣನೀಯವಾಗಿರುತ್ತದೆ. ಭುಜದ ಮುಂಭಾಗಕ್ಕೆ ಅಂಟಿಕೊಂಡಿರುವ ಬೈಸೆಪ್ಸ್ ಸ್ನಾಯು ಮೇಲಿನಿಂದ ಎಸೆಯುವಾಗ ದುಡಿಯುವುದಕ್ಕಿಂತ ಹೆಚ್ಚಾಗಿ ಇಲ್ಲಿ ದುಡಿಯುತ್ತದೆ. ಪಿಚರ್‌ಗಳಲ್ಲಿ ಭುಜದ ಮುಂಭಾಗದ ನೋವು ಸಾಮಾನ್ಯವಾಗಿರುವುದಕ್ಕೆ ಇದು ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಅಮೆರಿಕದಲ್ಲಿ 9ರಿಂದ 14 ವರ್ಷದ 481 ಬೇಸ್‌ಬಾಲ್ ಪಿಚರ್‌ಗಳನ್ನು ಹತ್ತು ವರ್ಷಗಳ ಕಾಲ ಗಮನಿಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನವು, ವರ್ಷವೊಂದರಲ್ಲಿ 100ಕ್ಕಿಂತ ಹೆಚ್ಚು ಇನಿಂಗ್ಸ್ ಎಸೆದವರಿಗೆ ಗಂಭೀರ ಗಾಯದ ಸಂಭವ ಉಳಿದವರಿಗಿಂತ 3.5 ಪಟ್ಟು ಹೆಚ್ಚೆಂದು ತೋರಿಸಿತು. ಕ್ರಿಕೆಟ್ ಕುರಿತ ಆಸ್ಟ್ರೇಲಿಯಾದ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ಎತ್ತಿಹಿಡಿದಿವೆ. ಎಸೆತದ ಭಾರ ಒಮ್ಮೆಲೇ ಏರಿದಾಗ ಗಾಯವು ಅಂದೇ ಕಾಣಿಸದೆ ಮೂರು ನಾಲ್ಕು ವಾರಗಳ ಅನಂತರವೂ ಕಾಣಿಸಿಕೊಳ್ಳಬಹುದು. ಅತಿಯಾದ ಎಸೆತದಂತೆ ಅತಿ ಕಡಿಮೆ ಎಸೆತವೂ ಅಪಾಯಕರ. ಅಭ್ಯಾಸ ತಪ್ಪಿದ ದೇಹ ಹಠಾತ್ತನೆ ಬರುವ ಭಾರವನ್ನು ತಾಳುವುದಿಲ್ಲ.

## ಸಾಫ್ಟ್‌ಬಾಲ್

ಸಾಫ್ಟ್‌ಬಾಲ್ 1887ರಲ್ಲಿ ಅಮೆರಿಕದ ಷಿಕಾಗೊ ನಗರದಲ್ಲಿ ಒಳಾಂಗಣ ಬೇಸ್‌ಬಾಲ್ ಆಗಿ ಹುಟ್ಟಿತು. ಮಹಿಳೆಯರ ಅಂತರರಾಷ್ಟ್ರೀಯ ಪಂದ್ಯ 7 ಇನಿಂಗ್ಸ್‌ಗಳದ್ದು. ಪಿಚರ್ 43 ಅಡಿ, ಅಂದರೆ ಸುಮಾರು 13.1 ಮೀಟರ್ ದೂರದಿಂದ ಎಸೆಯುತ್ತಾಳೆ. ದೂರ ಕಡಿಮೆಯಿರುವುದರಿಂದ ಬ್ಯಾಟರ್‌ಗೆ ಯೋಚಿಸಲು ಸಿಗುವ ಸಮಯ ಬಹಳ ಅಲ್ಪ. ಹೀಗಾಗಿ ಪಂದ್ಯದ ಮೇಲೆ ಒಬ್ಬ ಪಿಚರ್‌ನ ಹಿಡಿತ ಬೇಸ್‌ಬಾಲ್‌ಗಿಂತಲೂ ಬಿಗಿಯಾಗಿರುತ್ತದೆ. ಅಂತರರಾಷ್ಟ್ರೀಯ ನಿಯಮಗಳಲ್ಲಿ ಪಿಚರ್‌ನ ಎಸೆತಗಳಿಗೆ ಗರಿಷ್ಠ ಸಂಖ್ಯೆಯಿಲ್ಲ. ಆರಂಭದಲ್ಲಿ ಆಡಿದ ಆಟಗಾರ್ತಿ ಹೊರಹೋದರೂ ಒಮ್ಮೆ ಮರಳಿ ಬರಬಹುದು.

ಈ ಕುರಿತ ಚರ್ಚೆಯಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಪ್ರಸಂಗ 2008ರ ಬೀಜಿಂಗ್ ಒಲಿಂಪಿಕ್ಸ್‌ನದು. ಜಪಾನಿನ ಯುಕಿಕೊ ಉಎನೊ ಆಗಸ್ಟ್ 20ರಂದು ಅಮೆರಿಕದ ವಿರುದ್ಧ 9 ಇನಿಂಗ್ಸ್‌ಗಳ ಪಂದ್ಯವನ್ನು ಎಸೆದು ಸೋತರು. ಅದೇ ದಿನ ಆಸ್ಟ್ರೇಲಿಯಾದ ವಿರುದ್ಧ 12 ಇನಿಂಗ್ಸ್ ಎಸೆದು ತಂಡವನ್ನು ಫೈನಲ್‌ಗೆ ಮುಟ್ಟಿಸಿದರು. ಒಂದೇ ದಿನದ ಎಸೆತಗಳು 318. ಮರುದಿನ ಫೈನಲ್‌ನಲ್ಲಿ ಅವರು ಮತ್ತೆ ಎಸೆದು ಅಮೆರಿಕವನ್ನು 3–1ರಿಂದ ಮಣಿಸಿ ಚಿನ್ನದ ಪದಕ ತಂದುಕೊಟ್ಟರು. ಎರಡು ದಿನಗಳ ಒಟ್ಟು ಎಸೆತಗಳು 413. ಜಪಾನಿನಲ್ಲಿ ಈ ಸಂಖ್ಯೆಯೇ ಆ ಗೆಲುವಿನ ಹೆಸರಾಗಿ ಉಳಿದಿದೆ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ 39 ವರ್ಷದ ಉಎನೊ ಮತ್ತೆ ಎಸೆದರು. ಆದರೆ ಆ ಬಾರಿ ಎಸೆತದ ಭಾರವನ್ನು ಕಿರಿಯ ಪಿಚರ್ ಮಿಯು ಗೊಟೊ ಹಂಚಿಕೊಂಡರು. ಜಪಾನ್ 2–0ರಿಂದ ಗೆದ್ದಿತು.

ಮಿತಿ ಬೇಡವೆನ್ನುವವರು ಉಎನೊ ಅವರ ದೀರ್ಘ ವೃತ್ತಿಜೀವನವನ್ನು ಸಾಕ್ಷ್ಯವಾಗಿ ತೋರಿಸುತ್ತಾರೆ. ಮಿತಿ ಬೇಕೆನ್ನುವವರು ಅಸಾಮಾನ್ಯ ದೇಹಶಕ್ತಿಯ ಒಬ್ಬರ ಉದಾಹರಣೆ ಶಾಲೆಯ ಹುಡುಗಿಯರಿಗೆ ಮಾನದಂಡವಾಗಲಾರದು ಎನ್ನುತ್ತಾರೆ. ಟೋಕಿಯೊದ ಗೆಲುವು ಹಂಚಿಕೊಂಡ ಭಾರದ ಫಲ ಎಂಬುದನ್ನೂ ಅವರು ನೆನಪಿಸುತ್ತಾರೆ.

ಅಮೆರಿಕದ ಪ್ರೌಢಶಾಲಾ ಕ್ರೀಡೆಗಳ ರಾಷ್ಟ್ರೀಯ ಒಕ್ಕೂಟವು 2017ರಿಂದ ಬೇಸ್‌ಬಾಲ್‌ಗೆ ಎಸೆತಗಳ ಮಿತಿಯನ್ನು ಕಡ್ಡಾಯಗೊಳಿಸಿತು. ಆ ಕಟ್ಟಳೆ ಸಾಫ್ಟ್‌ಬಾಲ್‌ಗೆ ಅನ್ವಯಿಸಲಿಲ್ಲ. ಒಂದೇ ಶಾಲೆಯ ಬಾಲಕರಿಗೆ ರಕ್ಷಣೆಯಿದ್ದು ಬಾಲಕಿಯರಿಗೆ ಇಲ್ಲದಿರುವುದು ಟೀಕೆಗೆ ಗುರಿಯಾಗಿದೆ. ಬಾಲಕ ಬಾಲಕಿಯರಿಗಾಗಿ ಪಂದ್ಯಗಳನ್ನು ನಡೆಸುವ ಲಿಟಲ್ ಲೀಗ್ ಸಂಸ್ಥೆಯು ಸಾಫ್ಟ್‌ಬಾಲ್‌ನಲ್ಲಿ ಎಸೆತಗಳ ಬದಲು ಇನಿಂಗ್ಸ್‌ಗಳ ಲೆಕ್ಕದಲ್ಲಿ ಮಿತಿಯನ್ನು ಅನುಸರಿಸಿದೆ.

## ಬೇಸ್‌ಬಾಲ್

ಲಿಟಲ್ ಲೀಗ್ 2007ರಲ್ಲಿ ಬೇಸ್‌ಬಾಲ್‌ಗೆ ಇನಿಂಗ್ಸ್ ಲೆಕ್ಕದ ಬದಲು ಎಸೆತಗಳ ಲೆಕ್ಕವನ್ನು ತಂದಿತು. 2014ರಲ್ಲಿ ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಮಂಡಳಿಯು ವೈದ್ಯರೊಡಗೂಡಿ ರೂಪಿಸಿದ 'ಪಿಚ್ ಸ್ಮಾರ್ಟ್' ಮಾರ್ಗಸೂಚಿಯ ಪ್ರಕಾರ ದಿನವೊಂದರ ಗರಿಷ್ಠ ಎಸೆತಗಳು ಹೀಗಿವೆ:

- 7–8 ವರ್ಷ: 50
- 9–10 ವರ್ಷ: 75
- 11–12 ವರ್ಷ: 85
- 13–16 ವರ್ಷ: 95
- 17–18 ವರ್ಷ: 105

ಎಸೆತಗಳು ಹೆಚ್ಚಿದಂತೆ ವಿಶ್ರಾಂತಿಯೂ ಹೆಚ್ಚುತ್ತದೆ. 14 ವರ್ಷದೊಳಗಿನ ಬಾಲಕ ಒಂದು ದಿನ 66 ಅಥವಾ ಅದಕ್ಕಿಂತ ಹೆಚ್ಚು ಚೆಂಡುಗಳನ್ನು ಎಸೆದರೆ ನಾಲ್ಕು ದಿನ ಎಸೆಯುವಂತಿಲ್ಲ.

ಜಪಾನಿನಲ್ಲಿ ಈ ವಿಷಯ ಸಾರ್ವಜನಿಕ ಚರ್ಚೆಯಾಗಿ ಬೆಳೆದದ್ದು 2018ರಲ್ಲಿ. ಕೋಷಿಯೆನ್ ಎಂದು ಹೆಸರಾದ ರಾಷ್ಟ್ರೀಯ ಪ್ರೌಢಶಾಲಾ ಬೇಸ್‌ಬಾಲ್ ಪಂದ್ಯಾವಳಿಯಲ್ಲಿ ಅಕಿತಾ ಪ್ರಾಂತ್ಯದ ಕನಾಆಷಿ ಕೃಷಿ ಪ್ರೌಢಶಾಲೆ ಫೈನಲ್ ತಲುಪಿತು. ಅದರ ಪಿಚರ್ ಕೋಸೆಯ್ ಯೊಷಿದಾ ಆರು ಪಂದ್ಯಗಳಲ್ಲಿ 881 ಚೆಂಡುಗಳನ್ನು ಎಸೆದ. ಗ್ರಾಮೀಣ ಕೃಷಿ ಶಾಲೆಯೊಂದು ನಗರದ ಬಲಿಷ್ಠ ಶಾಲೆಗಳನ್ನು ಸೋಲಿಸಿದ್ದನ್ನು ದೇಶವೇ ಕೊಂಡಾಡಿತು. ಅದರೊಂದಿಗೇ ಆ ಹುಡುಗನ ತೋಳಿನ ಬಗ್ಗೆ ಆತಂಕವೂ ವ್ಯಕ್ತವಾಯಿತು. ಮುಂದೆ ಜಪಾನಿನ ಪ್ರೌಢಶಾಲಾ ಬೇಸ್‌ಬಾಲ್ ಒಕ್ಕೂಟವು ವಾರಕ್ಕೆ 500 ಎಸೆತಗಳ ಮಿತಿಯನ್ನು ಜಾರಿಗೆ ತಂದಿತು. ಹಲವು ಪಿಚರ್‌ಗಳನ್ನು ಸಾಕಬಲ್ಲ ದೊಡ್ಡ ಶಾಲೆಗಳಿಗೆ ಇದರಿಂದ ಅನುಕೂಲ, ಒಬ್ಬನನ್ನೇ ನಂಬಿದ ಸಣ್ಣ ಶಾಲೆಗಳಿಗೆ ಅನ್ಯಾಯ ಎಂಬ ಆಕ್ಷೇಪ ಕೇಳಿಬಂದಿತು.

## ಕ್ರಿಕೆಟ್

ಟೆಸ್ಟ್ ಕ್ರಿಕೆಟ್‌ನಲ್ಲಿ ಒಬ್ಬ ಬೌಲರ್‌ನ ಓವರ್‌ಗಳಿಗೆ ಮಿತಿಯಿಲ್ಲ. ಒಬ್ಬರೇ ಸತತ ಎರಡು ಓವರ್ ಎಸೆಯಬಾರದು ಎಂಬುದಷ್ಟೇ ನಿಯಮ. 1957ರ ಎಜ್‌ಬ್ಯಾಸ್ಟನ್ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್‌ನ ಸ್ಪಿನ್ನರ್ ಸೋನಿ ರಾಮದೀನ್ ಒಂದೇ ಇನಿಂಗ್ಸ್‌ನಲ್ಲಿ 98 ಓವರ್ ಎಸೆದದ್ದು ದಾಖಲೆಯಾಗಿದೆ.

ಕಿರಿಯರ ರಕ್ಷಣೆಗಾಗಿ ಇಂಗ್ಲೆಂಡ್ ಕ್ರಿಕೆಟ್ ಮಂಡಳಿ ಬಹುಕಾಲ ಜಾರಿಯಲ್ಲಿಟ್ಟಿದ್ದ ನಿರ್ದೇಶನದಂತೆ 13 ವರ್ಷದೊಳಗಿನ ವೇಗದ ಬೌಲರ್ ಒಂದು ಸರದಿಯಲ್ಲಿ 5, ದಿನಕ್ಕೆ 10 ಓವರ್ ಎಸೆಯಬಹುದು. 14–15 ವರ್ಷ ವಿಭಾಗದಲ್ಲಿ ಇದು 6 ಮತ್ತು 12, ಅದರ ಮೇಲೆ 19 ವರ್ಷದವರೆಗೆ 7 ಮತ್ತು 18. ಒಂದು ಸರದಿ ಮುಗಿದ ಮೇಲೆ ಅದೇ ತುದಿಯಿಂದ ಅಷ್ಟೇ ಓವರ್‌ಗಳು ಕಳೆಯುವವರೆಗೆ ಮತ್ತೆ ಎಸೆಯುವಂತಿಲ್ಲ. ಸ್ಪಿನ್ ಬೌಲರ್‌ಗಳಿಗೆ ಈ ನಿರ್ದೇಶನ ಅನ್ವಯಿಸುವುದಿಲ್ಲ.

ಭಾರತದಲ್ಲಿ ಹಿರಿಯ ಆಟಗಾರರ ಕಾರ್ಯಭಾರ ನಿರ್ವಹಣೆ ಜಸ್‌ಪ್ರೀತ್ ಬೂಮ್ರಾ ಅವರ ನಿಮಿತ್ತ ಮನೆಮಾತಾಯಿತು. ಬೆನ್ನಿನ ಒತ್ತಡದ ಗಾಯದಿಂದ 2022ರಲ್ಲಿ ಹೊರಗುಳಿದ ಅವರು 2023ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದರು. 2024–25ರ ಆಸ್ಟ್ರೇಲಿಯಾ ಪ್ರವಾಸದಲ್ಲಿ 150ಕ್ಕೂ ಹೆಚ್ಚು ಓವರ್ ಎಸೆದು 32 ವಿಕೆಟ್ ಪಡೆದರು, ಆದರೆ ಸಿಡ್ನಿಯ ಕೊನೆಯ ಟೆಸ್ಟ್‌ನ ಎರಡನೆಯ ಇನಿಂಗ್ಸ್‌ನಲ್ಲಿ ಬೆನ್ನುನೋವಿನಿಂದ ಎಸೆಯಲಾಗಲಿಲ್ಲ. 2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳಲ್ಲಿ ಮೂರನ್ನು ಮಾತ್ರ ಆಡುವರೆಂದು ಮೊದಲೇ ಪ್ರಕಟಿಸಲಾಯಿತು. ಅದೇ ಸರಣಿಯಲ್ಲಿ ಮೊಹಮ್ಮದ್ ಸಿರಾಜ್ ಐದೂ ಟೆಸ್ಟ್‌ಗಳನ್ನು ಆಡಿ 185.3 ಓವರ್ ಎಸೆದು 23 ವಿಕೆಟ್ ಪಡೆದರು. ಒಂದೇ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಎಂಬ ವಾದಕ್ಕೆ ಈ ಇಬ್ಬರ ಹೋಲಿಕೆಯನ್ನು ಬಳಸಲಾಗುತ್ತದೆ.

## ಕರ್ನಾಟಕದ ಬೌಲರ್‌ಗಳು

ಜಾವಗಲ್ ಶ್ರೀನಾಥ್ 1990ರ ದಶಕದಲ್ಲಿ ಭಾರತದ ವೇಗದ ಬೌಲಿಂಗ್‌ನ ಮುಖ್ಯ ಆಧಾರವಾಗಿದ್ದರು. 1997ರಲ್ಲಿ ಭುಜದ ಸ್ನಾಯುಕಟ್ಟಿಗೆ ಆದ ಗಾಯದಿಂದ ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿಸಿಕೊಂಡು ಶಸ್ತ್ರಚಿಕಿತ್ಸೆಗೆ ಒಳಗಾದರು. ಮರಳಿ ಬಂದು 1999ರ ಕೋಲ್ಕತ್ತ ಟೆಸ್ಟ್‌ನಲ್ಲಿ ಪಾಕಿಸ್ತಾನದ ವಿರುದ್ಧ 13 ವಿಕೆಟ್ ಪಡೆದರು. ಒಟ್ಟು 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಅವರ ಗಳಿಕೆ.

ಅನಿಲ್ ಕುಂಬ್ಳೆ 132 ಟೆಸ್ಟ್‌ಗಳಲ್ಲಿ 40,850 ಚೆಂಡುಗಳನ್ನು ಎಸೆದು 619 ವಿಕೆಟ್ ಪಡೆದರು. ಭುಜದ ಗಾಯ ಮತ್ತು ಶಸ್ತ್ರಚಿಕಿತ್ಸೆಯ ಕಾರಣ 2001ರ ಪ್ರಸಿದ್ಧ ಆಸ್ಟ್ರೇಲಿಯಾ ಸರಣಿಯನ್ನು ಅವರು ಆಡಲಾಗಲಿಲ್ಲ. ವೇಗಿಗಳಿಗೆ ಮಾತ್ರ ಮಿತಿ ಹಾಕಿ ಸ್ಪಿನ್ನರ್‌ಗಳನ್ನು ಬಿಟ್ಟುಬಿಡುವ ಕ್ರಮದ ಕೊರತೆಯನ್ನು ಇದು ತೋರಿಸುತ್ತದೆ. ಸ್ಪಿನ್ನರ್‌ನ ಬೆನ್ನಿಗೆ ಭಾರ ಕಡಿಮೆಯಾದರೂ ಭುಜ ಮತ್ತು ಬೆರಳುಗಳು ಸವೆಯುತ್ತವೆ.

ಬೆಂಗಳೂರಿನ ಪ್ರಸಿದ್ಧ ಕೃಷ್ಣ ಸೊಂಟದ ಮೂಳೆಯ ಒತ್ತಡದ ಬಿರುಕಿನಿಂದಾಗಿ 2023ರ ಐಪಿಎಲ್ ಆಡಲಿಲ್ಲ. ಶಸ್ತ್ರಚಿಕಿತ್ಸೆ ಹಾಗೂ ದೀರ್ಘ ಚೇತರಿಕೆಯ ಅನಂತರ ಮರಳಿ, 2025ರ ಓವಲ್ ಟೆಸ್ಟ್‌ನ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 4 ವಿಕೆಟ್ ಪಡೆದರು.

## ಗದಗ ಜಿಲ್ಲೆಯ ಹಿನ್ನೆಲೆಯಲ್ಲಿ

ಗದಗದಲ್ಲಿ 1970ರಲ್ಲಿ ಜನಿಸಿದ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ ಅವರ ಅತ್ಯಂತ ಪ್ರಸಿದ್ಧ ಸಾಧನೆ ಮಿತಿಯ ನಿಯಮದೊಳಗೆ ನಡೆದದ್ದು. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧದ ಏಕದಿನ ಪಂದ್ಯದಲ್ಲಿ ಅವರು 10 ಓವರ್‌ಗಳಲ್ಲಿ 6 ಮೇಡನ್ ಎಸೆದು, 6 ರನ್ ನೀಡಿ 5 ವಿಕೆಟ್ ಪಡೆದರು. ಅಷ್ಟು ಪರಿಣಾಮಕಾರಿಯಾಗಿದ್ದರೂ ನಿಯಮದಂತೆ ಹನ್ನೊಂದನೆಯ ಓವರ್ ಅವರಿಗೆ ದೊರೆಯುವಂತಿರಲಿಲ್ಲ. ಉಳಿದವರು ಕೆಲಸವನ್ನು ಪೂರೈಸಿದರು. ದಕ್ಷಿಣ ಆಫ್ರಿಕ 117ಕ್ಕೆ ಆಲೌಟಾಯಿತು.

ಗದಗ ಜಿಲ್ಲೆಯ ಉತ್ತರ ಭಾಗದ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳಲ್ಲಿ ಹೆಚ್ಚಿನವು ಎರೆಭೂಮಿಯ ಊರುಗಳು. ಗಜೇಂದ್ರಗಡ ಮೊದಲು ರೋಣ ತಾಲ್ಲೂಕಿನ ಭಾಗವಾಗಿತ್ತು. ಹಿಂಗಾರಿನ ಜೋಳ, ಕಡಲೆಗಳ ಸುಗ್ಗಿ ಮುಗಿದ ಮೇಲೆ ತೆರವಾಗುವ ಬಯಲು ಮತ್ತು ಶಾಲೆಯ ಅಂಗಳಗಳೇ ಇಂಥ ಊರುಗಳ ಮೈದಾನ. ಬೇಸಗೆಯ ಟೆನಿಸ್ ಚೆಂಡಿನ ಪಂದ್ಯಾವಳಿಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಸಾಮಾನ್ಯ ದೃಶ್ಯ. ಇವುಗಳಲ್ಲಿ ಪಂದ್ಯದ ಓವರ್‌ಗಳು ಕಡಿಮೆ, ಆದರೆ ದಿನವೊಂದರಲ್ಲಿ ಗೆಲ್ಲುತ್ತ ಹೋಗುವ ತಂಡಕ್ಕೆ ಪಂದ್ಯಗಳು ಹೆಚ್ಚು. ಬಿರುಬಿಸಿಲಿನ ದಣಿವು ಇದಕ್ಕೆ ಸೇರುತ್ತದೆ. ಟೆನಿಸ್ ಚೆಂಡು ಹಗುರವಾದ್ದರಿಂದ ಹಾನಿಯಿಲ್ಲ ಎಂಬ ಗ್ರಹಿಕೆ ಭಾಗಶಃ ಮಾತ್ರ ಸರಿ. ಬೆನ್ನಿನ ಮೇಲೆ ಬೀಳುವ ಭಾರ ಓಟ, ಜಿಗಿತ ಮತ್ತು ಮುಂಗಾಲಿನ ಬಡಿತದಿಂದ ಹುಟ್ಟುತ್ತದೆಯೇ ಹೊರತು ಚೆಂಡಿನ ತೂಕವೊಂದರಿಂದಲ್ಲ. ಗಟ್ಟಿಯಾದ ನೆಲ ಈ ಬಡಿತವನ್ನು ಮೆತ್ತಗಾಗಿಸುವುದಿಲ್ಲ.

ಶಾಲಾ ಕ್ರೀಡಾಕೂಟಗಳು ಹೋಬಳಿ ಅಥವಾ ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಎಂಬ ಮೆಟ್ಟಿಲುಗಳಲ್ಲಿ ನಡೆಯುತ್ತವೆ. ಗದಗ ಜಿಲ್ಲೆ ಬೆಳಗಾವಿ ವಿಭಾಗಕ್ಕೆ ಸೇರುತ್ತದೆ. ಸೋತವರು ಹೊರಬೀಳುವ ಪದ್ಧತಿಯಲ್ಲಿ ಒಂದೇ ದಿನ ಹಲವು ಪಂದ್ಯಗಳು ಮುಗಿಯಬೇಕಾದಾಗ, ಮಕ್ಕಳ ಸಂಖ್ಯೆ ಕಡಿಮೆಯಿರುವ ಶಾಲೆಯ ಶಿಕ್ಷಕರ ಮುಂದೆ ಆಯ್ಕೆಗಳು ಕಡಿಮೆ. ಚೆನ್ನಾಗಿ ಎಸೆಯಬಲ್ಲ ಒಬ್ಬಳೇ ಹುಡುಗಿ ಇರುವ ಸಾಫ್ಟ್‌ಬಾಲ್ ತಂಡಕ್ಕೂ ಒಬ್ಬನೇ ವೇಗಿಯಿರುವ ಕ್ರಿಕೆಟ್ ತಂಡಕ್ಕೂ ಇರುವ ಇಕ್ಕಟ್ಟು ಒಂದೇ. ಕನಾಆಷಿ ಕೃಷಿ ಶಾಲೆಯ ಪ್ರಸಂಗ ಇಲ್ಲಿನ ಪರಿಸ್ಥಿತಿಗೆ ಹತ್ತಿರವಾದುದು.

## ಪರ ವಿರೋಧದ ವಾದಗಳು

ಮಿತಿಯ ಪರವಾದ ವಾದಗಳು:

- ಹದಿಹರೆಯದ ಮೂಳೆ ಮತ್ತು ಸ್ನಾಯುಗಳಿಗೆ ಆದ ಗಾಯ ಜೀವನಪೂರ್ತಿ ಉಳಿಯಬಹುದು. ಕೃಷಿ ಅಥವಾ ಕೂಲಿ ಕೆಲಸ ಮಾಡಿ ಬದುಕಬೇಕಾದವರಿಗೆ ಬೆನ್ನುನೋವು ಆಟದ ನಷ್ಟವಷ್ಟೇ ಅಲ್ಲ, ದುಡಿಮೆಯ ನಷ್ಟವೂ ಹೌದು.
- ಗೆಲ್ಲುವ ಆಸೆಯಲ್ಲಿರುವ ತರಬೇತುದಾರ, ಊರವರು ಮತ್ತು ಸ್ವತಃ ಆಟಗಾರ, ಈ ಮೂವರಲ್ಲಿ ಯಾರೂ 'ಸಾಕು' ಎನ್ನುವ ಸ್ಥಿತಿಯಲ್ಲಿರುವುದಿಲ್ಲ. ಆ ಮಾತನ್ನು ನಿಯಮವೇ ಹೇಳಬೇಕಾಗುತ್ತದೆ.
- ಎರಡನೆಯ ಮತ್ತು ಮೂರನೆಯ ಬೌಲರ್‌ಗಳಿಗೆ ಅವಕಾಶ ದೊರೆತು ತಂಡ ಬೆಳೆಯುತ್ತದೆ.

ಮಿತಿಗೆ ವಿರೋಧವಾದ ವಾದಗಳು:

- ಸಣ್ಣ ಶಾಲೆಗಳು ಮತ್ತು ಸಣ್ಣ ಊರುಗಳ ತಂಡಗಳು ದೊಡ್ಡ ತಂಡಗಳೆದುರು ನಿಲ್ಲಲು ಇರುವ ಒಂದೇ ಬಲ ಕೈತಪ್ಪುತ್ತದೆ.
- ನಗರದ ಆಯ್ಕೆದಾರರ ಕಣ್ಣಿಗೆ ಬೀಳಲು ಗ್ರಾಮೀಣ ಆಟಗಾರನಿಗೆ ಸಿಗುವ ಅವಕಾಶಗಳೇ ವಿರಳ. ಅವನ್ನೂ ಮೊಟಕುಗೊಳಿಸಿದಂತಾಗುತ್ತದೆ.
- ತಪ್ಪಾದ ಎಸೆತದ ಶೈಲಿ, ವ್ಯಾಯಾಮದ ಕೊರತೆ ಮತ್ತು ಅಪೌಷ್ಟಿಕತೆಗಳು ಎಸೆತಗಳ ಸಂಖ್ಯೆಯಷ್ಟೇ ಮುಖ್ಯ ಕಾರಣಗಳು. ಸಂಖ್ಯೆಯೊಂದನ್ನೇ ಹಿಡಿದರೆ ಉಳಿದವು ಮರೆಯಾಗುತ್ತವೆ.
- ಸಾಫ್ಟ್‌ಬಾಲ್ ಪಿಚರ್‌ಗಳ ಬಗ್ಗೆ ನಡೆದಿರುವ ಅಧ್ಯಯನಗಳು ಬೇಸ್‌ಬಾಲ್‌ಗೆ ಹೋಲಿಸಿದರೆ ಕಡಿಮೆ. ಆದ್ದರಿಂದ ಬೇಸ್‌ಬಾಲ್‌ನ ಅಂಕಿಗಳನ್ನು ನೇರವಾಗಿ ಅಳವಡಿಸುವುದು ಸರಿಯಲ್ಲ.

ಸಣ್ಣ ಶಾಲೆಗಳ ಆಕ್ಷೇಪಕ್ಕೆ ಮಿತಿಯ ಪರವಾಗಿರುವವರು ಎರಡು ಉತ್ತರಗಳನ್ನು ನೀಡುತ್ತಾರೆ. ಮಿತಿಯು ಎದುರಾಳಿಗೂ ಅನ್ವಯಿಸುವುದರಿಂದ ಅಸಮತೆ ಪೂರ್ಣವಾಗಿ ಒಂದು ಕಡೆಗೆ ವಾಲುವುದಿಲ್ಲ ಎಂಬುದು ಒಂದು. ವೇಳಾಪಟ್ಟಿಯನ್ನೇ ಬದಲಿಸಿ ಒಂದು ದಿನ ಒಂದು ತಂಡಕ್ಕೆ ಎರಡಕ್ಕಿಂತ ಹೆಚ್ಚು ಪಂದ್ಯ ಬರದಂತೆ ಮಾಡಿದರೆ ಮಿತಿಯ ಹೊರೆ ಹಗುರಾಗುತ್ತದೆ ಎಂಬುದು ಇನ್ನೊಂದು. ಎರಡನೆಯ ಉತ್ತರಕ್ಕೆ ಹೆಚ್ಚುವರಿ ದಿನಗಳ ಊಟ, ವಸತಿ ಮತ್ತು ಪ್ರಯಾಣದ ವೆಚ್ಚ ಬೇಕಾಗುತ್ತದೆ.

## ಜಾರಿಯ ತೊಡಕುಗಳು

ಪಂದ್ಯದ ಎಸೆತಗಳನ್ನು ಅಂಕ ಬರೆಯುವವರು ಹೇಗೂ ದಾಖಲಿಸುತ್ತಾರೆ. ಕ್ರಿಕೆಟ್‌ನ ಸ್ಕೋರ್ ಪುಸ್ತಕದಲ್ಲಿ ಪ್ರತಿ ಬೌಲರ್‌ನ ಓವರ್‌ಗಳು ಇರುವುದರಿಂದ ದಿನದ ಒಟ್ಟು ಲೆಕ್ಕ ತೆಗೆಯುವುದು ಕಷ್ಟವಲ್ಲ. ಕಷ್ಟವಿರುವುದು ದಾಖಲೆಯಾಗದ ಎಸೆತಗಳಲ್ಲಿ. ಅಭ್ಯಾಸದ ಎಸೆತಗಳು, ಪಂದ್ಯಕ್ಕೆ ಮುಂಚಿನ ಸಿದ್ಧತೆಯ ಎಸೆತಗಳು ಮತ್ತು ಒಬ್ಬನೇ ಆಟಗಾರ ಶಾಲೆಗೆ, ಊರಿಗೆ, ಕ್ಲಬ್ಬಿಗೆ ಹೀಗೆ ಬೇರೆ ಬೇರೆ ತಂಡಗಳಿಗೆ ಎಸೆದ ಚೆಂಡುಗಳು ಯಾವ ಪುಸ್ತಕದಲ್ಲಿಯೂ ಒಟ್ಟಾಗಿ ಸೇರುವುದಿಲ್ಲ. ಆದ್ದರಿಂದ ಆಟಗಾರನೇ ದಿನಚರಿಯಲ್ಲಿ ತನ್ನ ಎಸೆತಗಳನ್ನು ಬರೆದಿಡುವ ರೂಢಿಯನ್ನು ತರಬೇತುದಾರರು ಪ್ರೋತ್ಸಾಹಿಸುತ್ತಾರೆ. ಇದಕ್ಕೆ ನೋಟ್‌ಪುಸ್ತಕ ಮತ್ತು ಪೆನ್ಸಿಲ್‌ಗಿಂತ ಹೆಚ್ಚಿನ ಸಲಕರಣೆ ಬೇಕಿಲ್ಲ.

ಬೆನ್ನು ಅಥವಾ ಭುಜದ ನೋವು ಎಸೆದ ಮರುದಿನವೂ ಉಳಿದರೆ, ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗ ಒಂದೇ ಬದಿ ನೋವಾದರೆ ಅಥವಾ ಎಸೆತದ ವೇಗ ಕಾರಣವಿಲ್ಲದೆ ಕುಸಿದರೆ ಎಸೆಯುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕೆಂಬುದು ಕ್ರೀಡಾ ವೈದ್ಯಕೀಯದ ಸಾಮಾನ್ಯ ಸಲಹೆ. ಮೂಳೆಯ ಒತ್ತಡದ ಗಾಯ ಬೇಗ ಪತ್ತೆಯಾದರೆ ವಿಶ್ರಾಂತಿಯಿಂದಲೇ ಮಾಯುವ ಸಾಧ್ಯತೆ ಹೆಚ್ಚು.

## ಇವನ್ನೂ ನೋಡಿ

- ಸಾಫ್ಟ್‌ಬಾಲ್
- ಬೇಸ್‌ಬಾಲ್
- ಬೌಲಿಂಗ್ (ಕ್ರಿಕೆಟ್)
- ಸುನಿಲ್ ಜೋಶಿ
- ಜಾವಗಲ್ ಶ್ರೀನಾಥ್
- ಗದಗ ಜಿಲ್ಲೆ